ವೈದ್ಯರ ಸಂಶೋಧನಾ ಲೇಖನಗಳು ಮತ್ತು ಉಲ್ಲೇಖಗಳು: ರೋಗಿಗಳು ಅರ್ಥ ಮಾಡಿಕೊಳ್ಳುವುದು ಹೇಗೆ?

ಬಯಾಪ್ಸಿಯಲ್ಲಿ ಬಾಯಿ ಕ್ಯಾನ್ಸರ್ ಎಂದು ಬಂದ ದಿನವೇ ಮನೆಯಲ್ಲಿ ಯಾರಾದರೊಬ್ಬರು ಮೊಬೈಲಿನಲ್ಲಿ ವೈದ್ಯರ ಹೆಸರು ಹುಡುಕಲು ಕೂರುತ್ತಾರೆ. ನೀವು ಡೊಂಬಿವಲಿಯಲ್ಲೋ ಕಲ್ಯಾಣದಲ್ಲೋ ಇದ್ದರೆ ಥಾಣೆಗೆ ಹೋಗುವುದೇ, ನವಿ ಮುಂಬೈಗೇ, ಪರೇಲ್‌ನ ಟಾಟಾ ಆಸ್ಪತ್ರೆಗೇ ಎಂಬ ಪ್ರಶ್ನೆ ಬೇರೆ. ಹುಡುಕಿದಾಗ ವೈದ್ಯರ ಹೆಸರಿನ ಪಕ್ಕ ಪ್ರಕಟಣೆಗಳು, ಉಲ್ಲೇಖಗಳು, ಎಚ್-ಇಂಡೆಕ್ಸ್ ಎಂಬ ಸಂಖ್ಯೆಗಳು ಕಾಣುತ್ತವೆ.

ಈ ಸಂಖ್ಯೆಗಳು ಏನು?

ಒಬ್ಬರ ಲೇಖನವನ್ನು ಬೇರೆ ಸಂಶೋಧಕರು ತಮ್ಮ ಲೇಖನದಲ್ಲಿ ಆಧಾರವಾಗಿ ಹೆಸರಿಸಿದರೆ ಅದು ಒಂದು ಉಲ್ಲೇಖ. ಕನಿಷ್ಠ 10 ಬಾರಿ ಉಲ್ಲೇಖಗೊಂಡ 10 ಲೇಖನಗಳಿದ್ದರೆ ಎಚ್-ಇಂಡೆಕ್ಸ್ 10. ಇದನ್ನು 2005ರಲ್ಲಿ ಸೂಚಿಸಿದವರು ಜಾರ್ಜ್ ಹಿರ್ಷ್. ಅವರು ವೈದ್ಯರಲ್ಲ, ಭೌತವಿಜ್ಞಾನಿ. ವರ್ಷ ಕಳೆದಂತೆ ಈ ಅಂಕ ಏರುತ್ತದೆಯೇ ಹೊರತು ಸಾಮಾನ್ಯವಾಗಿ ಇಳಿಯುವುದಿಲ್ಲ. ಹಾಗಾಗಿ ಯುವ ಸರ್ಜನ್‌ಗೆ ಕಡಿಮೆ ಇರುವುದು ಸಹಜ. ‘ಇಂಪ್ಯಾಕ್ಟ್ ಫ್ಯಾಕ್ಟರ್’ ಎಂಬುದಂತೂ ಪತ್ರಿಕೆಯ ಅಂಕ, ವೈದ್ಯರದ್ದಲ್ಲ.

ಒಂದು ಲೇಖನ, ಒಂದು ಉತ್ತರ

ಸಂಖ್ಯೆಗಿಂತ ಲೇಖನದ ಒಳಗೇನಿದೆ ಎಂಬುದು ಮುಖ್ಯ. ಬಾಯಿ ಕ್ಯಾನ್ಸರ್ ಆರಂಭದ ಹಂತದಲ್ಲಿದ್ದು, ಕುತ್ತಿಗೆಯಲ್ಲಿ ಗಂಟು ಕಾಣದಿದ್ದರೆ ಅಲ್ಲಿನ ದುಗ್ಧಗ್ರಂಥಿಗಳನ್ನು ಮೊದಲ ಆಪರೇಷನ್‌ನಲ್ಲೇ ತೆಗೆಯಬೇಕೆ, ಗಂಟು ಬಂದ ಮೇಲೆ ತೆಗೆದರೆ ಸಾಕೆ? ದಶಕಗಳ ಕಾಲ ಇದಕ್ಕೆ ಒಮ್ಮತದ ಉತ್ತರ ಇರಲಿಲ್ಲ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಡಾ. ಅನಿಲ್ ಡಿ'ಕ್ರೂಜ್ ಮತ್ತು ಸಹೋದ್ಯೋಗಿಗಳು 2004ರಿಂದ ಈ ಪ್ರಶ್ನೆಯ ಮೇಲೆ ಪ್ರಯೋಗ ನಡೆಸಿದರು. 500 ರೋಗಿಗಳ ಫಲಿತಾಂಶ 2015ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಬಂತು. ಮೊದಲೇ ಗ್ರಂಥಿ ತೆಗೆಸಿಕೊಂಡವರಲ್ಲಿ ಮೂರು ವರ್ಷದ ನಂತರ ಬದುಕಿದ್ದವರ ಪ್ರಮಾಣ ಶೇ. 80, ಕಾದವರಲ್ಲಿ ಶೇ. 67.5. ಅಂದರೆ ಸುಮಾರು ಎಂಟು ಜನರಲ್ಲಿ ಒಬ್ಬರ ಜೀವದ ವ್ಯತ್ಯಾಸ. ಜಗತ್ತಿನಾದ್ಯಂತ ಸರ್ಜನ್‌ಗಳು ಈ ಲೇಖನವನ್ನು ಉಲ್ಲೇಖಿಸುವುದು ಇದಕ್ಕಾಗಿ.

ನಿಮಗೆ ಇದರಿಂದ ಆಗುವ ಉಪಯೋಗವೇನೆಂದರೆ, ಲೇಖನ ಬರೆದವರೇ ನಿಮಗೆ ಆಪರೇಷನ್ ಮಾಡಬೇಕೆಂದಿಲ್ಲ. ಆ ತಿಳಿವಳಿಕೆ ಈಗ ಎಲ್ಲರದ್ದು. ಕಲ್ಯಾಣದ ನಿಮ್ಮ ತಲೆ-ಕುತ್ತಿಗೆ ಸರ್ಜನ್ ಹತ್ತಿರವೇ ಕೇಳಬಹುದು: “ಡಾಕ್ಟರೇ, ಕುತ್ತಿಗೆಯ ಗ್ರಂಥಿಗಳನ್ನೂ ಈಗಲೇ ತೆಗೆಯುತ್ತೀರಾ? ಇಲ್ಲವಾದರೆ ನಮ್ಮವರಿಗೆ ಯಾಕೆ ಬೇಡ?” ಗಡ್ಡೆಯ ಗಾತ್ರ, ಜಾಗ, ರೋಗಿಯ ಆರೋಗ್ಯ ನೋಡಿ ಉತ್ತರ ಬೇರೆ ಇರಬಹುದು, ಆದರೆ ಕಾರಣ ಹೇಳಬೇಕು.

ಎಲ್ಲಿ ಎಡವುತ್ತೇವೆ?

ಹೆಚ್ಚು ಉಲ್ಲೇಖ ಎಂದರೆ ಸರಿಯಾದ ಸಂಶೋಧನೆ ಎಂದಲ್ಲ. ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಹಚ್ಚಿದ 1998ರ ‘ಲ್ಯಾನ್ಸೆಟ್’ ಲೇಖನ ನೂರಾರು ಬಾರಿ ಉಲ್ಲೇಖಗೊಂಡಿದೆ, ಹೆಚ್ಚಿನವು ಅದನ್ನು ಟೀಕಿಸುವುದಕ್ಕಾಗಿ. ಕೇವಲ 12 ಮಕ್ಕಳ ಮೇಲೆ ನಿಂತಿದ್ದ ಆ ಲೇಖನವನ್ನು ಪತ್ರಿಕೆಯೇ 2010ರಲ್ಲಿ ಹಿಂಪಡೆಯಿತು.

ಹೆಸರಿನ ಗೊಂದಲವೂ ಉಂಟು. ಪಬ್‌ಮೆಡ್‌ನಲ್ಲಿ ‘ಶೆಟ್ಟಿ ಎಸ್’ ಎಂದು ಹುಡುಕಿ ನೋಡಿ, ಎಷ್ಟು ಜನ ಶೆಟ್ಟರು ಒಟ್ಟಿಗೆ ಬರುತ್ತಾರೆ! ಆಸ್ಪತ್ರೆ, ಊರು, ವಿಭಾಗ ತಾಳೆಯಾದರೆ ಮಾತ್ರ ಅದು ನಿಮ್ಮ ವೈದ್ಯರದ್ದು ಎನ್ನಿ. ಇನ್ನು ನವಿ ಮುಂಬೈನ ಖಾರ್ಘರ್‌ನಲ್ಲಿರುವ ಆಕ್ಟ್ರೆಕ್‌ನಂಥ ಕೇಂದ್ರದಲ್ಲಿ ಪ್ರಯೋಗಾಲಯದ ವಿಜ್ಞಾನಿಗಳೂ ಇದ್ದಾರೆ. ಜೀವಕೋಶ, ಇಲಿಗಳ ಮೇಲೆ ಬರೆದವರ ದೊಡ್ಡ ಪಟ್ಟಿ ನಿಮ್ಮ ಚಿಕಿತ್ಸೆಯ ಬಗ್ಗೆ ಏನೂ ಹೇಳದಿರಬಹುದು.

ಒಂದೂ ಲೇಖನ ಬರೆಯದ ಒಳ್ಳೆಯ ಸರ್ಜನ್‌ಗಳು ಬೇಕಾದಷ್ಟಿದ್ದಾರೆ. ಅವರ ನೋಂದಣಿಯನ್ನು ಮಹಾರಾಷ್ಟ್ರ ವೈದ್ಯಕೀಯ ಪರಿಷತ್ತಿನಲ್ಲಿ ನೋಡಿ. ವರ್ಷಕ್ಕೆ ಇಂಥ ಆಪರೇಷನ್ ಎಷ್ಟು ಮಾಡುತ್ತಾರೆ, ರೇಡಿಯೇಷನ್ ಬೇಕಾದರೆ ಎಲ್ಲಿ, ಮನೆಯಿಂದ ಓಡಾಡಲು ಆಗುತ್ತದೆಯೇ ಎಂದು ಕೇಳಿ. ವೈದ್ಯರು ಹೊಸ ಔಷಧದ ಪ್ರಯೋಗಕ್ಕೆ ಸೇರಲು ಹೇಳಿದರೆ ಅದರ ಸಿಟಿಆರ್‌ಐ ನೋಂದಣಿ ಸಂಖ್ಯೆ ಪಡೆದುಕೊಳ್ಳಿ. ಆ ವಿವರವನ್ನು ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಈ ಹುಡುಕಾಟಕ್ಕಾಗಿ ಆಪರೇಷನ್ ದಿನಾಂಕವನ್ನು ಮಾತ್ರ ಮುಂದೂಡಬೇಡಿ.