ಜಯಲಕ್ಷ್ಮೀವಿಲಾಸ

ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲಿ, ಕುಕ್ಕರಹಳ್ಳಿ ಕೆರೆಯ ಪಶ್ಚಿಮದ ದಿಬ್ಬದ ಮೇಲಿರುವ ಸೌಧ. ಹತ್ತನೆಯ ಚಾಮರಾಜ ಒಡೆಯರ ಹಿರಿಯ ಪುತ್ರಿ ಜಯಲಕ್ಷಮ್ಮಣ್ಣಿಯವರ ನಿವಾಸಕ್ಕೆಂದು 1905ರಲ್ಲಿ ನಿರ್ಮಿತವಾದುದು. ಅವರ ಪತಿ ಸರದಾರ್ ಎಂ. ಕಾಂತರಾಜ ಅರಸರು 1919ರಿಂದ 1922ರವರೆಗೆ ಮೈಸೂರಿನ ದಿವಾನರಾಗಿದ್ದರು.

ಕೊರಿಂಥಿಯನ್ ಮತ್ತು ಅಯಾನಿಕ್ ಶೈಲಿಯ ಜೋಡಿಗಂಬಗಳು ಯೂರೋಪಿನವಾದರೂ, ಅವು ಹೊತ್ತ ತ್ರಿಕೋನಾಕಾರದ ಮುಖಶಿಖರದಲ್ಲಿ ಗಜಲಕ್ಷ್ಮಿ ಆಸೀನಳಾಗಿದ್ದಾಳೆ, ಒಳಗೆ ಕಲ್ಯಾಣಮಂಟಪವುಂಟು. ಕೊಠಡಿಗಳು 125 ಎಂಬ ಎಣಿಕೆ ರೂಢಿಯಲ್ಲಿದೆ. ನಿರ್ಮಾಣಕ್ಕೆ ಸುಮಾರು 7 ಲಕ್ಷ ರೂಪಾಯಿ ತಗುಲಿತೆನ್ನುವರು.

ಕುವೆಂಪು ಅವರು ಉಪಕುಲಪತಿಗಳಾಗಿದ್ದಾಗ, 1959ರಲ್ಲಿ, ಸೌಧವು ವಿಶ್ವವಿದ್ಯಾನಿಲಯಕ್ಕೆ ಸೇರಿತು. 1968ರಲ್ಲಿ ಇಲ್ಲಿ ಜಾನಪದ ವಸ್ತುಸಂಗ್ರಹಾಲಯ ಸ್ಥಾಪಿತವಾಯಿತು. ಕಲಾವಿದ ಪಿ. ಆರ್. ತಿಪ್ಪೇಸ್ವಾಮಿಯವರು ಹಳ್ಳಿಹಳ್ಳಿ ಅಲೆದು ತಂದ ತೊಗಲುಗೊಂಬೆ, ಸೋಮನ ಮುಖವಾಡ, ಒಕ್ಕಲುತನದ ಉಪಕರಣಗಳು ರಾಜಕುಮಾರಿಯ ಅಂತಃಪುರದಲ್ಲಿ ನೆಲೆಗೊಂಡುದು ಈ ಕಟ್ಟಡದ ಚರಿತ್ರೆಯಲ್ಲಿ ಅದರ ನಿರ್ಮಾಣಕ್ಕಿಂತಲೂ ಮಹತ್ತ್ವದ ಘಟನೆಯೆಂದು ಭಾವಿಸಲು ಅವಕಾಶವಿದೆ.

ಕಾಲಾಂತರದಲ್ಲಿ ಶಿಥಿಲಗೊಂಡ ಈ ಸೌಧದ ಜೀರ್ಣೋದ್ಧಾರದ ಸಮಸ್ಯೆಯನ್ನರಿಯಲು ಆ ಕಾಲದ ಮದರಾಸು ತಾರಸಿಯ ಸ್ವರೂಪವನ್ನು ತಿಳಿದಿರಬೇಕು. ತೊಲೆಗಳ ಮೇಲೆ ಜಂತೆಗಳನ್ನು ಹಾಯಿಸಿ, ಅವುಗಳ ಮೇಲೆ ತೆಳ್ಳನೆಯ ಇಟ್ಟಿಗೆಗಳನ್ನು ಅಂಚಿನ ಮೇಲೆ ಓರೆಯಾಗಿ ನಿಲ್ಲಿಸಿ, ಸುಣ್ಣದ ಗಾರೆಯಿಂದ ಬೆಸೆದು, ಮೇಲೆ ಜಲ್ಲಿಗಾರೆಯನ್ನು ಹರಡಿ ದಿನಗಟ್ಟಲೆ ಬಡಿದು ಗಟ್ಟಿಗೊಳಿಸುತ್ತಿದ್ದರು. ಗಾರೆಯು ಹೀರಿದ ತೇವವನ್ನು ಬಿಸಿಲಿಗೆ ಬಿಟ್ಟುಕೊಡುತ್ತದೆ. ಬಿರುಕನ್ನು ಮುಚ್ಚುವ ಅವಸರದಲ್ಲಿ ಸಿಮೆಂಟನ್ನು ಮೆತ್ತಿದರಾದರೋ ಆ ತೇವ ಹೊರಬರಲಾರದೆ ಜಂತೆಯ ತುದಿಗಿಳಿದು, ಗೋಡೆಯೊಳಗೆ ಹುದುಗಿದ, ಕಣ್ಣಿಗೆ ಬೀಳದ ಭಾಗವನ್ನೇ ಮೊದಲು ಕೊಳೆಯಿಸುತ್ತದೆ. ಗೆದ್ದಲೂ ಅಲ್ಲಿಗೇ ಬರುತ್ತದೆ. ಮಳೆನೀರಿನ ಕೊಳವೆ ಕಟ್ಟಿಕೊಂಡಲ್ಲಿ ಹಕ್ಕಿ ಬಿಸುಟ ಅರಳಿಯ ಬೀಜ ಮೊಳೆತು, ಬೇರು ಗಾರೆಯ ಸಂದನ್ನು ಹಿಡಿದು ಇಳಿಯುತ್ತದೆ. ಗಿಡವನ್ನು ಕತ್ತರಿಸಿದ ಮಾತ್ರಕ್ಕೆ ಬೇರು ಸಾಯದು. ಇಂತಹ ಸೌಧಗಳಿಗೆ ಹೊಸ ಬಣ್ಣಕ್ಕಿಂತ ವರ್ಷಕ್ಕೊಮ್ಮೆ ತಾರಸಿ ಹತ್ತುವ ಆಳೇ ಹೆಚ್ಚು ಅವಶ್ಯ.

ಪ್ರಸಕ್ತ ಶತಮಾನದ ಮೊದಲ ದಶಕದಲ್ಲಿ ಇನ್ಫೋಸಿಸ್ ಪ್ರತಿಷ್ಠಾನದ ಸುಮಾರು 1.17 ಕೋಟಿ ರೂಪಾಯಿ ನೆರವಿನಿಂದ ಒಂದು ಜೀರ್ಣೋದ್ಧಾರ ನಡೆಯಿತು. ಆದರೂ ಶಿಥಿಲತೆ ಮರುಕಳಿಸಿತು. ಈಚೆಗೆ ಡೆಕ್ಕನ್ ಹೆರಿಟೇಜ್ ಫೌಂಡೇಶನ್ನಿನ ಸಹಯೋಗದಲ್ಲಿ, ಅಮೆರಿಕದ ರಾಯಭಾರಿಗಳ ಸಾಂಸ್ಕೃತಿಕ ಸಂರಕ್ಷಣಾ ನಿಧಿಯ ಅನುದಾನದೊಡನೆ, ಪಶ್ಚಿಮ ಪಾರ್ಶ್ವದ ಸಂರಕ್ಷಣೆಯನ್ನು ಕೈಗೆತ್ತಿಕೊಳ್ಳಲಾಗಿದೆ.