ಆ್ಯಪಿನಿಂದ ಆ್ಯಪಿಗೆ ದಾರಿಯಿಲ್ಲ

2025ರ ಮೇ 5ರಂದು ಸ್ಕೈಪ್ ಬಾಗಿಲು ಮುಚ್ಚಿತು. ಒಂದು ಕಾಲಕ್ಕೆ ಜಯನಗರ, ಮಲ್ಲೇಶ್ವರದ ಮನೆಗಳಲ್ಲಿ ಅಮೆರಿಕದಲ್ಲಿರುವ ಮಗನ ಮುಖ ನೋಡಬೇಕೆಂದರೆ ಸ್ಕೈಪೇ ಗತಿ. ಭಾನುವಾರ ಬೆಳಿಗ್ಗೆ ಕಂಪ್ಯೂಟರಿನ ಮುಂದೆ ಎರಡು ಕುರ್ಚಿ ಎಳೆದುಕೊಂಡು, ಮಾನಿಟರಿಗೆ ಸಿಕ್ಕಿಸಿದ ವೆಬ್‌ಕ್ಯಾಮ್ ಸರಿಮಾಡಿ, ‘ಕೇಳಿಸ್ತಿದೆಯೇನೋ?’ ಎಂದು ನಾಲ್ಕು ಸಲ ಕೇಳಿದ ಮೇಲೆ ಮಾತು ಹತ್ತುತ್ತಿತ್ತು. ಅದೇ ತಂದೆತಾಯಿ ಈಗ ಅಡುಗೆಮನೆಯಲ್ಲಿ ನಿಂತೇ ವಾಟ್ಸ್‌ಆ್ಯಪ್‌ನಲ್ಲಿ ಮೊಮ್ಮಗಳನ್ನು ನೋಡುತ್ತಾರೆ. ಚಿತ್ರ ಹೆಚ್ಚು ಸ್ಪಷ್ಟ ಎಂದು ಯಾರೂ ಸ್ಕೈಪ್ ಬಿಟ್ಟು ವಾಟ್ಸ್‌ಆ್ಯಪ್‌ಗೆ ಹೋಗಲಿಲ್ಲ. ಬೇಕಾದವರೆಲ್ಲ ಅಲ್ಲಿದ್ದರು, ಅದಕ್ಕೇ ಹೋದರು.

ಮೆಸೆಂಜರ್‌ಗಳ ಮೂರು ದಶಕದ ಪೈಪೋಟಿಯಲ್ಲಿ ಹೆಚ್ಚುಕಡಿಮೆ ಪ್ರತಿ ಘಟ್ಟದಲ್ಲೂ ಇದೇ ಸಂಗತಿ ಎದ್ದು ಕಾಣುತ್ತದೆ. ಯಾರ ಹತ್ತಿರ ಜನರ ಪರಿಚಯದ ಪಟ್ಟಿ ಇತ್ತೋ ಅವರು ಗೆದ್ದರು. ಒಬ್ಬರ ಆ್ಯಪಿನಿಂದ ಇನ್ನೊಬ್ಬರ ಆ್ಯಪಿಗೆ ಮಾತು ದಾಟಿಸುವ ತಂತ್ರ ಬಹಳ ಹಿಂದೆಯೇ ಕೈಗೆ ಬಂದಿತ್ತು. ದಾಟದಂತೆ ತಡೆದವರು ಕಂಪನಿಗಳವರು, ಅದೂ ಗೊತ್ತಿದ್ದೇ ತಡೆದರು.

ಶುರುವಾದದ್ದು 1996ರ ನವೆಂಬರಿನಲ್ಲಿ. ಇಸ್ರೇಲಿನ ಮಿರಾಬಿಲಿಸ್ ಎಂಬ ಪುಟ್ಟ ಕಂಪನಿ ಐಸಿಕ್ಯೂ ಎಂಬ ತಂತ್ರಾಂಶ ಬಿಟ್ಟಿತು. ಗೆಳೆಯರಲ್ಲಿ ಯಾರು ಈ ಗಳಿಗೆಯಲ್ಲಿ ಕಂಪ್ಯೂಟರಿನ ಮುಂದಿದ್ದಾರೆ ಎಂದು ಅದು ತೋರಿಸುತ್ತಿತ್ತು. ಎರಡೇ ವರ್ಷದಲ್ಲಿ ಅಮೆರಿಕದ ಎಓಎಲ್ ಅದನ್ನು 28.7 ಕೋಟಿ ಡಾಲರ್ ಕೊಟ್ಟು ಕೊಂಡಿತು. ಎಓಎಲ್‌ನ ಸ್ವಂತ ಎಐಎಂ 1997ರಲ್ಲಿ, ಯಾಹೂವಿನದು 1998ರಲ್ಲಿ, ಮೈಕ್ರೋಸಾಫ್ಟಿನ ಎಂಎಸ್‌ಎನ್ ಮೆಸೆಂಜರ್ 1999ರ ಜುಲೈನಲ್ಲಿ ಬಂದವು. ನಮ್ಮ ಸೈಬರ್ ಕೆಫೆಗಳಲ್ಲಿ ಯಾಹೂವಿನದೇ ರಾಜ್ಯಭಾರ. ಅಮೆರಿಕದಲ್ಲಿ ಮಾತ್ರ ಎಐಎಂ ಮುಂದಿತ್ತು, ಅಲ್ಲೇ ಮೊದಲ ಜಗಳವೂ ಹತ್ತಿತು.

ಆ ಜಗಳವನ್ನು ಹತ್ತಿರದಿಂದ ನೋಡಬೇಕು. ಎಐಎಂ ತನ್ನ ಸರ್ವರ್ ಜೊತೆ ಹೇಗೆ ವ್ಯವಹರಿಸುತ್ತದೆಂದು ಮೈಕ್ರೋಸಾಫ್ಟಿನ ಎಂಜಿನಿಯರುಗಳು ಗಮನಿಸಿ, ಅದನ್ನೇ ಎಂಎಸ್‌ಎನ್ ಮೆಸೆಂಜರಿಗೂ ಕಲಿಸಿದರು. ಎಂಎಸ್‌ಎನ್ ಬಳಸುವವರು ಎಐಎಂ ಗೆಳೆಯರೊಂದಿಗೆ ನೇರವಾಗಿ ಹರಟಬಹುದಾಯಿತು. ಎಓಎಲ್ ಸರ್ವರಿನಲ್ಲಿ ಏನನ್ನೋ ಬದಲಿಸಿ ಅವರನ್ನು ಹೊರಹಾಕಿತು. ಮೈಕ್ರೋಸಾಫ್ಟ್ ಮತ್ತೆ ಕಲಿತು ಒಳಬಂತು. ಇದು ಮತ್ತೆ ಮತ್ತೆ ನಡೆಯಿತು. ಕೊನೆಗೆ ಎಓಎಲ್ ಒಂದು ಅಪಾಯದ ದಾರಿ ಹಿಡಿಯಿತು. ಎಐಎಂನಲ್ಲಿ ಒಂದು ಭದ್ರತಾ ದೋಷವಿತ್ತು: ಮೀಸಲಿಟ್ಟ ಜಾಗಕ್ಕಿಂತ ಉದ್ದದ ಮಾಹಿತಿ ಬಂದರೆ, ಹೊರಚೆಲ್ಲಿದ ಭಾಗ ಆಜ್ಞೆಯಾಗಿ ಕಂಪ್ಯೂಟರಿನಲ್ಲಿ ನಡೆದುಬಿಡುತ್ತಿತ್ತು. ಎಓಎಲ್‌ನ ಸರ್ವರ್ ಆ ದೋಷದ ಮೂಲಕವೇ ಒಂದು ಆಜ್ಞೆ ಕಳಿಸತೊಡಗಿತು. ಅಸಲಿ ಎಐಎಂ ಸರಿಯಾದ ಉತ್ತರ ಕೊಡುತ್ತಿತ್ತು, ಆ ದೋಷವೇ ಇಲ್ಲದ ಎಂಎಸ್‌ಎನ್ ಸಿಕ್ಕಿಬೀಳುತ್ತಿತ್ತು. ಸ್ಪರ್ಧಿಯನ್ನು ಹೊರಗಿಡಲು ತನ್ನದೇ ಬಳಕೆದಾರರ ಕಂಪ್ಯೂಟರುಗಳಲ್ಲಿ ಕಳ್ಳಗಿಂಡಿಯೊಂದನ್ನು ಉಳಿಸಿಕೊಂಡ ಕಂಪನಿ ಅದು. ಇದನ್ನು ಬಯಲಿಗೆಳೆಯಲು ಮೈಕ್ರೋಸಾಫ್ಟಿನವರೊಬ್ಬರು ಸುಳ್ಳು ಹೆಸರಿನಲ್ಲಿ ಭದ್ರತಾ ತಜ್ಞರೊಬ್ಬರಿಗೆ ಇಮೇಲ್ ಬರೆದರು. ಅದು ಹೊರಟದ್ದು ಮೈಕ್ರೋಸಾಫ್ಟ್ ಜಾಲದಿಂದಲೇ ಎಂದು ತಿಳಿದ ಮೇಲೆ ದೋಷದ ಮಾತು ಹಿಂದೆ ಬಿದ್ದು, ಆ ಪತ್ರದ್ದೇ ಸುದ್ದಿಯಾಯಿತು. ವರ್ಷ ಮುಗಿಯುವ ಮುನ್ನ ಮೈಕ್ರೋಸಾಫ್ಟ್ ಪ್ರಯತ್ನ ಕೈಬಿಟ್ಟಿತು. ಮುಂದಿನ ಕಾಲು ಶತಮಾನ ನಡೆದದ್ದೆಲ್ಲ ಇದೇ ಮನೋಭಾವದ ಮುಂದುವರಿಕೆ.

ಇನ್ನೊಂದು ದಾರಿಯೂ ತೆರೆದಿತ್ತು. 1999ರ ಜನವರಿಯಲ್ಲೇ ಜೆರೆಮಿ ಮಿಲ್ಲರ್ ಎಂಬ ಅಮೆರಿಕದ ಪ್ರೋಗ್ರಾಮರ್ ಜ್ಯಾಬರ್ ಎಂಬ ಮುಕ್ತ ಯೋಜನೆಯನ್ನು ಪ್ರಕಟಿಸಿದರು. ಇಮೇಲಿನ ಹಾಗೆ ಯಾರು ಬೇಕಾದರೂ ಸರ್ವರ್ ನಡೆಸಬಹುದು, ಯಾವ ಸರ್ವರಿನಿಂದ ಯಾವುದಕ್ಕಾದರೂ ಸಂದೇಶ ಹೋಗಬಹುದು. 2004ರಲ್ಲಿ ಅದು ಎಕ್ಸ್‌ಎಂಪಿಪಿ ಎಂಬ ಅಂತರ್ಜಾಲ ಮಾನದಂಡವಾಯಿತು. 2005ರಲ್ಲಿ ಬಂದ ಗೂಗಲ್ ಟಾಕ್ ಇದರ ಮೇಲೇ ನಿಂತಿತ್ತು, 2006ರ ಜನವರಿಯಿಂದ ಹೊರಗಿನ ಸರ್ವರುಗಳಿಗೂ ಬಾಗಿಲು ತೆರೆಯಿತು. ಅದೇ ವರ್ಷ ಯಾಹೂ ಮತ್ತು ಮೈಕ್ರೋಸಾಫ್ಟ್ ತಮ್ಮ ಮೆಸೆಂಜರ್‌ಗಳನ್ನು ಒಂದಕ್ಕೊಂದು ಜೋಡಿಸಿದವು. ಆ ಕೆಲವು ವರ್ಷ ಗೋಡೆಗಳು ಬೀಳುತ್ತಿವೆ ಎಂದು ನಂಬಲು ಕಾರಣವಿತ್ತು. ಯಾಹೂ–ಮೈಕ್ರೋಸಾಫ್ಟ್ ಕೊಂಡಿ 2012ರಲ್ಲಿ ಕಳಚಿತು. 2013ರಲ್ಲಿ ಗೂಗಲ್ ಹ್ಯಾಂಗ್‌ಔಟ್ಸ್ ತಂದಾಗ ಹೊರಗಿನವರಿಗೆ ತೆರೆದಿದ್ದ ಬಾಗಿಲನ್ನು ಒಳಗೆ ಒಯ್ಯಲಿಲ್ಲ. ಇಡೀ ಕಥೆಯಲ್ಲಿ ನನಗೆ ತುಂಬ ಬೇಸರ ತರಿಸುವ ಘಟನೆ ಇದು, ಏಕೆಂದರೆ ತೆರೆದಿಟ್ಟು ನಡೆಸುವ ಶಕ್ತಿ ಆಗ ಗೂಗಲ್‌ಗೆ ಧಾರಾಳವಾಗಿತ್ತು. ಅದರ ನಂತರ ಆ ಕಂಪನಿ ಅಲೊ, ಡುಯೊ, ಮೀಟ್ ಎಂದು ಒಂದರ ಮೇಲೊಂದು ತಂದು, ಅಲೊವನ್ನು 2019ರಲ್ಲಿ, ಹ್ಯಾಂಗ್‌ಔಟ್ಸನ್ನು 2022ರಲ್ಲಿ ನಿಲ್ಲಿಸಿ, ಡುಯೊವನ್ನು ಮೀಟ್ ಒಳಗೆ ಸೇರಿಸಿತು.

ಸ್ಕೈಪಿನ ಹುಟ್ಟು 2003ರ ಆಗಸ್ಟಿನಲ್ಲಿ. ಸ್ವೀಡನ್ನಿನ ನಿಕ್ಲಾಸ್ ಜೆನ್‌ಸ್ಟ್ರಾಮ್, ಡೆನ್ಮಾರ್ಕಿನ ಯಾನುಸ್ ಫ್ರೀಸ್ ಅದರ ಸ್ಥಾಪಕರು; ತಂತ್ರಾಂಶ ಬರೆದವರು ಎಸ್ಟೋನಿಯಾದವರು. ಕರೆಗಳನ್ನು ಹೊರಲು ದೊಡ್ಡ ಸರ್ವರ್ ಭವನ ಬೇಕಿರಲಿಲ್ಲ. ಒಳ್ಳೆಯ ಸಂಪರ್ಕವಿರುವ ಬಳಕೆದಾರರ ಕಂಪ್ಯೂಟರುಗಳನ್ನೇ ಮಧ್ಯದ ಕೊಂಡಿಯಾಗಿ ಬಳಸಿಕೊಳ್ಳುತ್ತಿತ್ತು. ಐಎಸ್‌ಡಿ ಕರೆಯಲ್ಲಿ ನಿಮಿಷ ಎಣಿಸಿ ಮಾತಾಡುತ್ತಿದ್ದ ಮನೆಗಳಿಗೆ ಇದು ದೊಡ್ಡ ಬಿಡುಗಡೆ. 2006ರಲ್ಲಿ ವಿಡಿಯೊ ಬಂತು. 2011ರಲ್ಲಿ ಮೈಕ್ರೋಸಾಫ್ಟ್ 850 ಕೋಟಿ ಡಾಲರಿಗೆ ಕೊಂಡಿತು. ಅಷ್ಟರಲ್ಲಿ ಜನ ಮೊಬೈಲಿಗೆ ಹೊರಳಿದ್ದರು, ಸ್ಕೈಪಿನ ಬಲವೇ ಅಲ್ಲಿ ಭಾರವಾಯಿತು. ಇಬ್ಬರೂ ಆನ್‌ಲೈನ್ ಇದ್ದರೆ ಮಾತ್ರ ಸಂದೇಶ ತಲುಪುವ ಆ ಏರ್ಪಾಡು, ಗಳಿಗೆಗೊಮ್ಮೆ ಸಿಗ್ನಲ್ ಕಳೆದುಕೊಳ್ಳುವ ಫೋನಿಗೆ ಹೊಂದಲಿಲ್ಲ, ಬ್ಯಾಟರಿಯನ್ನೂ ತಿನ್ನುತ್ತಿತ್ತು. ಮೈಕ್ರೋಸಾಫ್ಟ್ ಅದನ್ನು ತನ್ನ ಸರ್ವರುಗಳಿಗೆ ಸಾಗಿಸುವಷ್ಟರಲ್ಲಿ ಗೆದ್ದವರು ಬೇರೆಯಾಗಿದ್ದರು.

ಗೆದ್ದ ವಾಟ್ಸ್‌ಆ್ಯಪನ್ನು 2009ರಲ್ಲಿ ಕಟ್ಟಿದವರು ಯಾಹೂ ಬಿಟ್ಟುಬಂದ ಜ್ಯಾನ್ ಕೂಮ್, ಬ್ರಯನ್ ಆ್ಯಕ್ಟನ್. ಅವರ ದೊಡ್ಡ ಉಪಾಯ ಮೊಬೈಲ್ ನಂಬರನ್ನೇ ಗುರುತಾಗಿ ಇಟ್ಟುಕೊಂಡದ್ದು. ಹೆಸರು, ಪಾಸ್‌ವರ್ಡ್, ಕೋರಿಕೆ ಕಳಿಸಿ ಕಾಯುವುದು ಯಾವುದೂ ಇಲ್ಲ. ಫೋನಿನಲ್ಲಿ ನಂಬರ್ ಇದ್ದವರೆಲ್ಲ ತಾವಾಗಿ ಪಟ್ಟಿಯಲ್ಲಿ ಕಾಣುತ್ತಿದ್ದರು. ಬ್ಲ್ಯಾಕ್‌ಬೆರಿ ತನ್ನ ಮೆಸೆಂಜರನ್ನು ತನ್ನ ಫೋನುಗಳಿಗೇ ಕಟ್ಟಿಹಾಕಿ 2013ರ ಅಕ್ಟೋಬರಿನವರೆಗೆ ಕುಳಿತಿತ್ತು, ಆ್ಯಪಲ್‌ನ ಫೇಸ್‌ಟೈಮ್ ಆ ಕಾಲದಲ್ಲಿ ಆ್ಯಪಲ್ ಸಾಧನಗಳಾಚೆ ಬರಲಿಲ್ಲ. ವಾಟ್ಸ್‌ಆ್ಯಪ್ ಐಫೋನ್, ಆಂಡ್ರಾಯ್ಡ್ ಮಾತ್ರವಲ್ಲ, ನೋಕಿಯಾದ ಸಿಂಬಿಯನ್ ಮತ್ತು ಅಗ್ಗದ ಎಸ್40 ಫೋನುಗಳಿಗೂ ಬಂತು. ಭಾರತದಲ್ಲಿ ಅದು ಮೊದಲು ಬೇರುಬಿಟ್ಟದ್ದು ಆ ನೋಕಿಯಾಗಳಲ್ಲಿ. ಅದರ ಸರ್ವರ್ ಕಟ್ಟಿದ್ದು ಜ್ಯಾಬರ್ ಪರಂಪರೆಯ ಮುಕ್ತ ತಂತ್ರಾಂಶದ ಮೇಲೆ ಎಂಬುದನ್ನು ಇಲ್ಲಿ ನೆನೆಯಬೇಕು. ಯಾರಿಂದ ಯಾರಿಗಾದರೂ ಸಂದೇಶ ಹೋಗಲಿ ಎಂದು ಮಾಡಿದ ಕೆಲಸವೇ ಮುಚ್ಚಿದ ಗೋಡೆಯ ಅಡಿಪಾಯವಾಯಿತು.

ನಮ್ಮಲ್ಲಿ ಎಸ್ಸೆಮ್ಮೆಸ್ ಸೋತದ್ದಕ್ಕೆ ಸರ್ಕಾರದ ನಿಯಮಗಳೂ ಸೇರಿಕೊಂಡವು. ಜಾಹೀರಾತಿನ ಕಾಟ ತಪ್ಪಿಸಲು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2011ರ ಸೆಪ್ಟೆಂಬರಿನಲ್ಲಿ ದಿನಕ್ಕೆ 100 ಸಂದೇಶಗಳ ಮಿತಿ ಹಾಕಿತು, ಸ್ವಲ್ಪ ದಿನದಲ್ಲಿ ಅದನ್ನು 200ಕ್ಕೆ ಏರಿಸಿತು. 2012ರ ಆಗಸ್ಟಿನಲ್ಲಿ ದಾಳಿಯ ವದಂತಿ ಹಬ್ಬಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನ ರೈಲುನಿಲ್ದಾಣಕ್ಕೆ ನುಗ್ಗಿ ಗುವಾಹಟಿಯ ರೈಲು ಹತ್ತಿದರು. ಆಗ ಕೇಂದ್ರ ಸರ್ಕಾರ ಕೆಲವು ದಿನ ಒಟ್ಟೊಟ್ಟಿಗೆ ಐದಕ್ಕಿಂತ ಹೆಚ್ಚು ಎಸ್ಸೆಮ್ಮೆಸ್ ಕಳಿಸದಂತೆ ತಡೆಯಿತು. ಆ ಮಿತಿಗಳು ಇಂಟರ್‌ನೆಟ್ ಮೂಲಕ ಹೋಗುವ ಸಂದೇಶಗಳಿಗೆ ತಾಗಲಿಲ್ಲ.

ಕನ್ನಡದ ಮಟ್ಟಿಗೆ ಇನ್ನೊಂದು ಬದಲಾವಣೆ ಅದೇ 2012ರಲ್ಲಿ ಆಯಿತು. ಆಂಡ್ರಾಯ್ಡ್ 4.1ರಲ್ಲಿ ಕನ್ನಡ ಅಕ್ಷರ ಸರಿಯಾಗಿ ಮೂಡತೊಡಗಿತು. ಅಲ್ಲಿಯವರೆಗೆ ಎಷ್ಟೋ ಫೋನುಗಳಲ್ಲಿ ಕನ್ನಡದ ಜಾಗದಲ್ಲಿ ಖಾಲಿ ಚೌಕಗಳು ಬರುತ್ತಿದ್ದವು, ಜನ ಇಂಗ್ಲಿಷ್ ಲಿಪಿಯಲ್ಲಿ ಕನ್ನಡ ಕುಟ್ಟುತ್ತಿದ್ದರು. ಮುಂದಿನ ವರ್ಷ ವಾಟ್ಸ್‌ಆ್ಯಪ್ ವಾಯ್ಸ್ ಮೆಸೇಜ್ ತಂದಿತು. ಬೆರಳೊತ್ತಿ ಹಿಡಿದು ಮಾತಾಡಿ ಬಿಟ್ಟರೆ ಸಂದೇಶ ಹೋಯಿತು. ಅಕ್ಷರ ಬಾರದ ಅಜ್ಜಿಗೂ ಹೊಲದಲ್ಲಿ ಕೈ ಕೆಸರಾದವರಿಗೂ ಆ ಒಂದು ಗುಂಡಿ ತೆರೆದ ಲೋಕವನ್ನು ಈ ಕ್ಷೇತ್ರದ ಚರಿತ್ರೆ ಬರೆಯುವವರು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ವಿಡಿಯೊ ಕರೆಯಷ್ಟೇ ದೊಡ್ಡ ಹೆಜ್ಜೆ ಅದು ಎಂಬುದು ನನ್ನ ಎಣಿಕೆ.

2014ರ ಫೆಬ್ರುವರಿಯಲ್ಲಿ ಫೇಸ್‌ಬುಕ್ ಈ ಕಂಪನಿಗೆ 1,900 ಕೋಟಿ ಡಾಲರ್ ಬೆಲೆ ಕಟ್ಟಿತು. ಅಲ್ಲಿದ್ದ ನೌಕರರು ಐವತ್ತೈದು ಮಂದಿ, ಬಳಕೆದಾರರು 45 ಕೋಟಿ. 2016ರ ಸೆಪ್ಟೆಂಬರ್ 5ರಂದು ಜಿಯೊ ಆರಂಭವಾಗಿ ಡೇಟಾ ಬೆಲೆ ನೆಲಕಚ್ಚಿತು, ನವೆಂಬರಿನಲ್ಲಿ ವಾಟ್ಸ್‌ಆ್ಯಪ್ ವಿಡಿಯೊ ಕರೆ ಬಂತು. ಆಗಲೇ ಭಾರತದಲ್ಲಿ ಅದಕ್ಕೆ 16 ಕೋಟಿ ಬಳಕೆದಾರರಿದ್ದರು. ಅಗ್ಗದ ಡೇಟಾ, ಕೈಯಲ್ಲಿದ್ದ ಆ್ಯಪ್, ಅದರಲ್ಲೇ ವಿಡಿಯೊ: ಮೂರೂ ಒಟ್ಟಿಗೆ ಸಿಕ್ಕ ಮೇಲೆ ಬೇರೆಯವರಿಗೆ ಜಾಗ ಉಳಿಯಲಿಲ್ಲ. 2012ರಿಂದ ಹೋರಾಡುತ್ತಿದ್ದ ದೇಶೀ ಆ್ಯಪ್ ಹೈಕ್ 2021ರ ಜನವರಿಯಲ್ಲಿ ನಿಂತಿತು.

ಗಡಿ ದಾಟಿದರೆ ನಕ್ಷೆ ಬೇರೆ. ಚೀನಾದಲ್ಲಿ ವೀಚಾಟ್, ಕೊರಿಯಾದಲ್ಲಿ ಕಾಕಾವ್‌ಟಾಕ್, 2011ರ ಭೂಕಂಪದ ಬೆನ್ನಿಗೇ ಹುಟ್ಟಿದ ಲೈನ್ ಜಪಾನಿನಲ್ಲಿ ಗೆದ್ದವು. ನಮ್ಮ ಕರಾವಳಿಗೆ ಹತ್ತಿರದ್ದು ಕೊಲ್ಲಿಯ ಕಥೆ. ಸಂಯುಕ್ತ ಅರಬ್ ಎಮಿರೇಟ್ಸ್ ವಾಟ್ಸ್‌ಆ್ಯಪ್, ಸ್ಕೈಪ್ ಕರೆಗಳನ್ನು ತಡೆದು, ಪರವಾನಗಿ ಪಡೆದ ಬೊಟಿಮ್‌ನಂಥ ಆ್ಯಪ್‌ಗಳಿಗಷ್ಟೇ ಅವಕಾಶ ಕೊಟ್ಟಿತು. 2018ರಲ್ಲಿ ಮೊಬೈಲಿಗೆ ಇಂಥ ಕರೆಗಳ ಪ್ಯಾಕ್ ತಿಂಗಳಿಗೆ 50 ದಿರ್ಹಂ. ಹೀಗಾಗಿ ಭಟ್ಕಳ, ಉಡುಪಿ, ಮಂಗಳೂರಿನ ಮನೆಗಳಲ್ಲಿ ಊರಿನ ನೆಂಟರಿಗೆ ವಾಟ್ಸ್‌ಆ್ಯಪ್, ದುಬೈಯಲ್ಲಿರುವ ಗಂಡನಿಗೆ ಬೊಟಿಮ್. ಕೊಲ್ಲಿಯಲ್ಲಿ ದುಡಿಯುವವರು ನಿಧಾನ ಸಂಪರ್ಕದಲ್ಲೂ ನಡೆಯುತ್ತದೆಂದು ಇಟ್ಟುಕೊಂಡ ಇಮೊ, ಮೊದಲು ಯಾಹೂ, ಎಂಎಸ್‌ಎನ್, ಸ್ಕೈಪ್ ಖಾತೆಗಳನ್ನೆಲ್ಲ ಒಂದೇ ಪುಟದಲ್ಲಿ ಕೂಡಿಸಿ ಕೊಡುವ ಸೇವೆಯಾಗಿತ್ತು. 2014ರಲ್ಲಿ ಆ ಕೆಲಸ ನಿಲ್ಲಿಸಿ ತಾನೂ ಇನ್ನೊಂದು ಆ್ಯಪ್ ಆಯಿತು.

ಜೂಮ್ ಗೆದ್ದದ್ದು ಬೇರೆ ಕಾರಣಕ್ಕೆ. ವೆಬೆಕ್ಸ್ ಬಿಟ್ಟುಬಂದ ಎರಿಕ್ ಯುವಾನ್ 2011ರಲ್ಲಿ ಕಟ್ಟಿದ ಈ ಕಂಪನಿ ಪರಿಚಯದ ಪಟ್ಟಿಯನ್ನೇ ಕೇಳಲಿಲ್ಲ. ಒಂದು ಲಿಂಕ್ ಒತ್ತಿದರೆ, ಖಾತೆ ಇರಲಿ ಬಿಡಲಿ, ಸಭೆಯೊಳಗೆ. ಪ್ರತಿಯೊಬ್ಬರ ಚಿತ್ರವನ್ನೂ ಹಲವು ಗುಣಮಟ್ಟಗಳಲ್ಲಿ ಸರ್ವರಿಗೆ ತರಿಸಿಕೊಂಡು, ನೋಡುವವರ ಸಂಪರ್ಕಕ್ಕೆ ತಕ್ಕದ್ದನ್ನು ಮಾತ್ರ ಮುಂದಕ್ಕೆ ಕಳಿಸುವುದರಿಂದ ನೂರು ಜನ ಸೇರಿದರೂ ಸಭೆ ಕುಸಿಯುವುದಿಲ್ಲ. 2019ರ ಡಿಸೆಂಬರಿನಲ್ಲಿ ದಿನಕ್ಕೆ 1 ಕೋಟಿಯಷ್ಟಿದ್ದ ಸಭಿಕರ ಸಂಖ್ಯೆ, ಲಾಕ್‌ಡೌನಿನ 2020ರ ಮಾರ್ಚಿನಲ್ಲಿ 20 ಕೋಟಿ ಮುಟ್ಟಿತು. ಸುರಕ್ಷಿತವಲ್ಲ ಎಂದು ಏಪ್ರಿಲ್‌ನಲ್ಲಿ ನಮ್ಮ ಗೃಹ ಸಚಿವಾಲಯ ಎಚ್ಚರಿಸಿತು. ಗೂಗಲ್ ಮೀಟ್ ಮೇನಲ್ಲಿ ಎಲ್ಲರಿಗೂ ಉಚಿತವಾಯಿತು, ಜುಲೈನಲ್ಲಿ ಜಿಯೊಮೀಟ್ ಬಂತು. ಸಲೀಸಾಗಿ ಒಳಗೆ ಬರಬಹುದಾದ ಬಾಗಿಲಿಗೆ ಬೆಲೆಯೂ ಉಂಟು: 2023ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟಿನ ಆನ್‌ಲೈನ್ ಕಲಾಪಕ್ಕೆ ಕಿಡಿಗೇಡಿಗಳು ನುಗ್ಗಿ ಅಶ್ಲೀಲ ದೃಶ್ಯ ತೋರಿಸಿದ್ದರಿಂದ ನೇರಪ್ರಸಾರವನ್ನೂ ವಿಡಿಯೊ ಕಾನ್ಫರೆನ್ಸನ್ನೂ ಕೆಲಕಾಲ ನಿಲ್ಲಿಸಬೇಕಾಯಿತು. ದೂರದ ಜಿಲ್ಲೆಯಲ್ಲಿ ಕುಳಿತೇ ತನ್ನ ಮೊಕದ್ದಮೆ ನೋಡುತ್ತಿದ್ದ ಕಕ್ಷಿದಾರನಿಗೆ ಅದರಿಂದ ಆದ ನಷ್ಟ ಸಣ್ಣದಲ್ಲ.

ಪೈಪೋಟಿಯ ಇನ್ನೊಂದು ಕಣ ಗೋಪ್ಯತೆ. ಕಳಿಸಿದವರು, ಪಡೆದವರ ಹೊರತು ನಡುವಿನ ಕಂಪನಿಯೂ ಓದಲಾಗದ ಎನ್‌ಕ್ರಿಪ್ಷನ್ 2016ರ ಏಪ್ರಿಲ್‌ನಲ್ಲಿ ವಾಟ್ಸ್‌ಆ್ಯಪ್‌ನ ಎಲ್ಲ ಸಂದೇಶಗಳಿಗೂ ಬಂತು. ಅದರ ಮೂಲ ಸಿಗ್ನಲ್ ಆ್ಯಪಿನವರದು. ಎರಡೂ ಆ್ಯಪ್‌ಗಳ ಬೀಗದ ತಂತ್ರ ಒಂದೇ ಆದರೂ ಒಂದರಿಂದ ಇನ್ನೊಂದಕ್ಕೆ ಸಂದೇಶ ಹೋಗುವುದಿಲ್ಲ. 2018ರ ಜುಲೈನಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿಗೆ ಬೀದರ್ ಜಿಲ್ಲೆಯಲ್ಲಿ ಹೈದರಾಬಾದಿನ ಎಂಜಿನಿಯರೊಬ್ಬರು ಜನರ ಹೊಡೆತಕ್ಕೆ ಪ್ರಾಣ ಬಿಟ್ಟರು. ಅದೇ ತಿಂಗಳು ಭಾರತದಲ್ಲಿ ಫಾರ್ವರ್ಡ್ ಅನ್ನು ಒಂದು ಸಲಕ್ಕೆ ಐದು ಚಾಟ್‌ಗಳಿಗೆ ಮಿತಿಗೊಳಿಸಲಾಯಿತು. 2021ರ ಜನವರಿಯಲ್ಲಿ ವಾಟ್ಸ್‌ಆ್ಯಪ್‌ನ ಹೊಸ ಗೋಪ್ಯತಾ ನೀತಿಗೆ ಹೆದರಿ ಕೋಟ್ಯಂತರ ಜನ ಸಿಗ್ನಲ್, ಟೆಲಿಗ್ರಾಮ್ ಹಾಕಿಕೊಂಡರು. ವಾಟ್ಸ್‌ಆ್ಯಪ್ ತೆಗೆದುಹಾಕಿದವರು ಕಡಿಮೆ. ಅಪಾರ್ಟ್‌ಮೆಂಟಿನ ಗುಂಪು, ಶಾಲೆಯ ಗುಂಪು, ಅಣ್ಣತಮ್ಮಂದಿರ ಗುಂಪು ಎಲ್ಲ ಅಲ್ಲೇ ಇದ್ದವು. ಆ ನೀತಿಗಾಗಿ ಸ್ಪರ್ಧಾ ಆಯೋಗ 2024ರ ನವೆಂಬರಿನಲ್ಲಿ, ಮೆಟಾ ಎಂದು ಹೆಸರು ಬದಲಿಸಿಕೊಂಡಿದ್ದ ಫೇಸ್‌ಬುಕ್ ಕಂಪನಿಗೆ 213.14 ಕೋಟಿ ರೂಪಾಯಿ ದಂಡ ಹಾಕಿತು.

ದಂಡ ಗೋಡೆಯನ್ನು ಮುಟ್ಟುವುದಿಲ್ಲ. ಗೋಡೆಗೇ ಕೈಹಾಕಿದ್ದು ಯುರೋಪ್. ಅಲ್ಲಿನ ಡಿಜಿಟಲ್ ಮಾರುಕಟ್ಟೆ ಕಾಯ್ದೆಯ ಕೆಳಗೆ, ಕೇಳಿಬಂದ ಸಣ್ಣ ಆ್ಯಪ್‌ಗಳಿಗೆ ವಾಟ್ಸ್‌ಆ್ಯಪ್ ಸಂಪರ್ಕ ಕೊಡಲೇಬೇಕು. 2025ರ ನವೆಂಬರಿನಲ್ಲಿ ಬರ್ಡಿಚಾಟ್, ಹೈಕೆಟ್ ಎಂಬ ಎರಡಕ್ಕೆ ಅಲ್ಲಿ ಆ ಬಾಗಿಲು ತೆರೆಯಿತು. ಕಷ್ಟವಿಲ್ಲವೆಂದಲ್ಲ. ಎರಡು ಕಂಪನಿಗಳ ನಡುವೆ ಗೋಪ್ಯತೆ ಸೋರದಂತೆ ಕಾಯುವುದು ಹೇಗೆಂಬ ಸಿಗ್ನಲ್‌ನವರ ಆತಂಕ ನಿಜವಾದದ್ದು. ಆದರೆ ಬೇರೆ ಬೇರೆ ಆ್ಯಪ್‌ಗಳಿಗೂ ಹೊಂದಬಲ್ಲ ಗುಂಪು ಎನ್‌ಕ್ರಿಪ್ಷನ್ನಿನ ಮುಕ್ತ ಮಾನದಂಡ 2023ರಲ್ಲೇ ಸಿದ್ಧವಾಗಿದೆ.

ನಮ್ಮಲ್ಲಿ ಈ ಮಾತು ಎದ್ದದ್ದು ಜೊಹೊ ಕಂಪನಿಯ ಅರಟ್ಟೈ ನೆಪದಲ್ಲಿ. 2021ರಲ್ಲಿ ಬಂದಿದ್ದ ಆ ಆ್ಯಪಿಗೆ 2025ರ ಸೆಪ್ಟೆಂಬರ್ ಕೊನೆಯಲ್ಲಿ ಇದ್ದಕ್ಕಿದ್ದಂತೆ ಜನ ಮುಗಿಬಿದ್ದರು. ಕರೆಗಳಿಗೆ ಇದ್ದ ಎನ್‌ಕ್ರಿಪ್ಷನ್ ಆಗಿನ್ನೂ ಅದರ ಸಂದೇಶಗಳಿಗೆ ಇರಲಿಲ್ಲ, ಟೀಕೆ ಸರಿಯಾಗಿಯೇ ಬಂತು. ಆದರೆ ಜೊಹೊ ಸ್ಥಾಪಕ ಶ್ರೀಧರ್ ವೆಂಬು ಆ ದಿನಗಳಲ್ಲಿ ಆಡಿದ ಮಾತಿಗೆ ಹೆಚ್ಚು ತೂಕವಿದೆ: ಮೆಸೆಂಜರ್‌ಗಳು ಯುಪಿಐ, ಇಮೇಲ್‌ನಂತೆ ಒಂದಕ್ಕೊಂದು ಹೊಂದಬೇಕು, ಅದಕ್ಕಾಗಿ ಯುಪಿಐ ರೂಪಿಸುವಲ್ಲಿ ಕೈಜೋಡಿಸಿದ್ದ ಐಸ್ಪಿರಿಟ್ ತಂಡದೊಂದಿಗೆ ಮಾತುಕತೆ ಶುರುಮಾಡಿದ್ದೇವೆ ಎಂದರು. ಫೋನ್‌ಪೇಯಿಂದ ಗೂಗಲ್ ಪೇಗೆ ಹಣ ಹೋಗುವ ದೇಶದಲ್ಲಿ ಇದು ಆಗದ ಮಾತಲ್ಲ. ಯುಪಿಐ ಒಳಗೆ ಆ ಕಂಪನಿಗಳ ಪೈಪೋಟಿಯೇನೂ ಕುಂದಿಲ್ಲ. 2025ರ ನವೆಂಬರಿನಲ್ಲಿ ದೂರಸಂಪರ್ಕ ಇಲಾಖೆ ಮೆಸೆಂಜರ್‌ಗಳಿಗೆ ಒಂದು ಆದೇಶ ಕೊಟ್ಟಿತು. ಫೋನಿನಲ್ಲಿ ನೋಂದಾಯಿತ ಸಿಮ್ ಇದ್ದರೆ ಮಾತ್ರ ಆ್ಯಪ್ ನಡೆಯಬೇಕು, ವೆಬ್ ಆವೃತ್ತಿ ಆರು ಗಂಟೆಗೊಮ್ಮೆ ಲಾಗ್‌ಔಟ್ ಆಗಬೇಕು ಎಂಬುದು ಅದರ ಸಾರ. ಒಂದು ಆ್ಯಪಿನಿಂದ ಇನ್ನೊಂದಕ್ಕೆ ಸಂದೇಶ ಹೋಗುವ ವಿಚಾರ ಆ ಆದೇಶದಲ್ಲಿಲ್ಲ. ಯುರೋಪಿನಲ್ಲಿ 2027ರ ಸೆಪ್ಟೆಂಬರ್ ಹೊತ್ತಿಗೆ ವಿಡಿಯೊ ಕರೆಯನ್ನೂ ದಾಟಿಸಲು ವಾಟ್ಸ್‌ಆ್ಯಪ್ ಸಿದ್ಧವಿರಬೇಕು. ಇಲ್ಲಿ ಅಂಥ ಗಡುವನ್ನು ಯಾರೂ ಹಾಕಿಲ್ಲ.