ಜೋಡುಪಾಲದ ದಾರಿ ಮುಚ್ಚಿದಾಗ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಇತಿಹಾಸದ ಒಂದು ಲೇಖನ ಬೇಕೆಂದು ಸಂಪಾದಕ ಮಂಡಳಿಯವರು ಫೋನು ಮಾಡಿದಾಗ, ನಾನು ಐಹೊಳೆಯ ಮೇಲೆಯೋ ಕೂಡಲಸಂಗಮದ ಮೇಲೆಯೋ ಬರೆಯುತ್ತೇನೆಂದು ತಿಳಿದಿದ್ದರು. ಅವುಗಳ ಬಗ್ಗೆ ಬರೆಯಲು ನನಗಿಂತ ಬಲ್ಲವರು ಈ ಶಾಲೆಯಿಂದಲೇ ಹೊರಬಂದಿದ್ದಾರೆ. ಮರೋಳದ ಈ ಪ್ರೌಢಶಾಲೆಯ ಬೆಂಚಿನ ಮೇಲೆ ಕುಳಿತು ಇತಿಹಾಸ ಕಲಿತ ನಾನು, ಅದೇ ವಿಷಯ ಕಲಿಸಲು ನೇಮಕಗೊಂಡು ಹೋದದ್ದು ಕೊಡಗು ಜಿಲ್ಲೆಯ ಸಂಪಾಜೆ ಭಾಗಕ್ಕೆ. ಅಲ್ಲಿ ನಾನು ಕಣ್ಣಾರೆ ಕಂಡ 2018ರ ಆಗಸ್ಟ್ ತಿಂಗಳನ್ನು ಇಲ್ಲಿ ಬರೆದಿಡುತ್ತೇನೆ. ಇದು ಇತಿಹಾಸವೇ ಎಂದು ಯಾರಾದರೂ ಕೇಳಬಹುದು. ಈಗ ಪ್ರೌಢಶಾಲೆಯಲ್ಲಿ ಓದುತ್ತಿರುವ ಮಕ್ಕಳು ಆಗ ಇನ್ನೂ ಅಕ್ಷರ ತಿದ್ದುತ್ತಿದ್ದರು. ಅವರಿಗೆ ಇದು ಇತಿಹಾಸವೇ.

ನಮ್ಮ ಕಡೆಯವರಿಗೆ ಗುಡ್ಡ ಕುಸಿಯುವುದೆಂದರೆ ಏನೆಂದು ತಿಳಿಸಿ ಹೇಳುವುದು ಸುಲಭವಲ್ಲ. ನಮ್ಮದು ಎರೆ ಭೂಮಿ. ಮಳೆ ಬಂದರೆ ನಮ್ಮ ಮಣ್ಣು ಕಾಲು ಹಿಡಿಯುತ್ತದೆ, ಚಕ್ಕಡಿಯ ಗಾಲಿ ಹಿಡಿಯುತ್ತದೆ, ಬಿಡುವುದಿಲ್ಲ. ಬಾದಾಮಿ, ಐಹೊಳೆಯ ಗುಡ್ಡಗಳಾದರೋ ಗಟ್ಟಿ ಮರಳುಗಲ್ಲಿನವು. ಸಾವಿರದ ಮುನ್ನೂರು ವರ್ಷದ ಹಿಂದೆ ಕೊರೆದ ಗುಡಿ ಇವತ್ತಿಗೂ ನಿಂತಿದೆ. ಕೊಡಗಿನ ಮಣ್ಣು ಹಾಗಲ್ಲ. ಮೇಲೆ ಆಳವಾದ ಕೆಂಪು ಮಣ್ಣು, ಅದರ ಕೆಳಗೆ ಅರ್ಧ ಕರಗಿದ ಕಲ್ಲು, ಅದರ ಕೆಳಗೆ ಬಂಡೆ. ಜೂನ್‌ನಿಂದ ಕುಡಿದ ನೀರು ಈ ಮಣ್ಣಿನ ಹೊಟ್ಟೆಯಲ್ಲಿ ಕೂತಿರುತ್ತದೆ. ಇಳಿಜಾರಿನ ಬುಡವನ್ನು ರಸ್ತೆಗೋ ಮನೆಗೋ ಹೋಂಸ್ಟೇಗೋ ನೆಟ್ಟಗೆ ಕಡಿದಿದ್ದರೆ, ಮೇಲಿನ ಭಾರಕ್ಕೆ ಊರುಗೋಲು ಇಲ್ಲದಂತಾಗುತ್ತದೆ. ಹೀಗೆ ಕಡಿದ ರಸ್ತೆ ಬದಿಯ ಗೋಡೆಗೆ ಅಲ್ಲಿಯವರು 'ಬರೆ' ಎನ್ನುತ್ತಾರೆ. ಬರೆ ಜರಿಯುವುದು ಅವರಿಗೆ ಪ್ರತಿ ಮಳೆಗಾಲದ ಮಾತು. ನಮ್ಮಲ್ಲಿ ಹಳ್ಳ ಬಂತು ಅಂದಹಾಗೆ. ಆದರೆ 2018ರಲ್ಲಿ ಜರಿದದ್ದು ಬರೆಯಲ್ಲ, ಗುಡ್ಡಗಳೇ.

ಮೈಸೂರಿನಿಂದ ಮಡಿಕೇರಿಗೆ ಬಂದು, ಸಂಪಾಜೆ ಘಾಟಿ ಇಳಿದು, ಸುಳ್ಯ, ಪುತ್ತೂರು ದಾಟಿ ಬಂಟ್ವಾಳ ಸೇರುವ ದಾರಿ ಈಗ 275ನೇ ರಾಷ್ಟ್ರೀಯ ಹೆದ್ದಾರಿ. ಮಡಿಕೇರಿಯಿಂದ ಸಂಪಾಜೆಗೆ ಸುಮಾರು 27 ಕಿಲೋಮೀಟರ್. ಈ ಘಾಟಿಗೆ ದೊಡ್ಡ ಇತಿಹಾಸವಿದೆ. ಕೊಡಗಿನ ಅರಸರ ಕಾಲದಲ್ಲಿ ದಾರಿ ಸುಗಮವಾಗಿಲ್ಲದಿರುವುದೇ ನಾಡಿಗೆ ರಕ್ಷಣೆಯಾಗಿತ್ತು. ಕಡಂಗ ಎಂಬ ಆಳದ ಕಂದಕಗಳು, ಘಾಟಿಯ ಬಾಯಲ್ಲಿ ಉಕ್ಕಡಗಳು, ಕಡಿದು ಅಡ್ಡ ಹಾಕಿದ ಮರಗಳು, ಇವು ಅವರ ಕೋಟೆ. 1834ರಲ್ಲಿ ಇಂಗ್ಲಿಷರು ಚಿಕ್ಕ ವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ವಶಪಡಿಸಿಕೊಂಡರು. ಅಮರ ಸುಳ್ಯ ಮತ್ತು ಪುತ್ತೂರು ಸೀಮೆಗಳನ್ನು ಕೊಡಗಿನಿಂದ ತೆಗೆದು ಕೆನರಾ ಜಿಲ್ಲೆಗೆ ಸೇರಿಸಿದರು. ಮೂರೇ ವರ್ಷದಲ್ಲಿ, 1837ರಲ್ಲಿ, ಆ ಸೀಮೆಯ ರೈತರು ಕೆದಂಬಾಡಿ ರಾಮಯ್ಯ ಗೌಡ ಮೊದಲಾದವರ ನಾಯಕತ್ವದಲ್ಲಿ ಎದ್ದು, ಸುಳ್ಯದಿಂದ ಇಳಿದು ಮಂಗಳೂರನ್ನೇ ಹಿಡಿದು ಕೆಲವು ದಿನ ಆಳಿದರು. ಬಂಡಾಯ ಅಡಗಿಸಿದ ಮೇಲೆ ಸುಬೇದಾರ್ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದರು.

ಆಗ ಎಳೆದ ಗೆರೆ ಇವತ್ತಿಗೂ ಉಳಿದಿದೆ. ಸಂಪಾಜೆ ಎಂಬ ಹೆಸರಿನ ಊರು ಎರಡು: ಒಂದು ಕೊಡಗು ಜಿಲ್ಲೆಯದು, ಇನ್ನೊಂದು ದಕ್ಷಿಣ ಕನ್ನಡದ್ದು. ಜನ ಒಂದೇ, ಮಾತು ಒಂದೇ, ಬಹುಪಾಲು ಮನೆಗಳಲ್ಲಿ ಅರೆಭಾಷೆ. ಆದರೆ ಕೊಡಗು ಸಂಪಾಜೆಯವನಿಗೆ ತಾಲೂಕು ಕಚೇರಿ ಘಾಟಿಯ ಮೇಲೆ ಮಡಿಕೇರಿಯಲ್ಲಿ. ಸಂತೆ, ಆಸ್ಪತ್ರೆ, ಕಾಲೇಜು ಘಾಟಿಯ ಕೆಳಗೆ ಸುಳ್ಯದಲ್ಲಿ. ದಾರಿ ಇರುವ ತನಕ ಇದರ ತೊಂದರೆ ಯಾರಿಗೂ ತಿಳಿಯಲಿಲ್ಲ.

ಆ ವರ್ಷ ಮಳೆ ಮೇ ಕೊನೆಗೇ ಹಿಡಿದಿತ್ತು. ಜುಲೈ ತಿಂಗಳಲ್ಲಿ ಕೊಡಗಿನಲ್ಲಿ ಒಂದು ಸಣ್ಣ ಭೂಕಂಪವೂ ಆಯಿತು. ಆಗಸ್ಟ್ 15ರಂದು ಕೊಡೆ ಹಿಡಿದುಕೊಂಡೇ ಧ್ವಜ ಹಾರಿಸಿದೆವು. ನೆನೆದ ಧ್ವಜ ಬಿಚ್ಚಿಕೊಳ್ಳಲಿಲ್ಲ, ಮಕ್ಕಳು ನಕ್ಕರು. ಮೇಲಿನ ಊರಿನಿಂದ ಬರುವ ಹುಡುಗನೊಬ್ಬ, ನಮ್ಮ ಮನೆಯ ಹಿಂದಿನ ಒರತೆಯ ನೀರು ಕೆಂಪಾಗಿದೆ ಸರ್, ಅಂದ. ಅವನ ಅಜ್ಜ ಅದೇ ದಿನ ದನ ಬಿಚ್ಚಿ, ಮನೆಮಂದಿಯನ್ನೆಲ್ಲ ಸಂಪಾಜೆಗೆ ಇಳಿಸಿದ್ದರು. ತೋಟದಲ್ಲಿ ನೆಲ ಬಿರುಕು ಬಿಟ್ಟಿತ್ತಂತೆ, ಅಡಿಕೆ ಮರಗಳು ಒಂದೇ ಕಡೆಗೆ ವಾಲಿದ್ದವಂತೆ. ಅಜ್ಜ ಯಾವ ಎಚ್ಚರಿಕೆಗೂ ಕಾಯಲಿಲ್ಲ. ಆ ಕುಟುಂಬ ಉಳಿಯಿತು, ಮನೆ ಉಳಿಯಲಿಲ್ಲ.

ಆಗಸ್ಟ್ 17, ಶುಕ್ರವಾರ, ಜೋಡುಪಾಲದಲ್ಲಿ ಗುಡ್ಡ ಹೆದ್ದಾರಿಯ ಮೇಲೆಯೇ ಇಳಿಯಿತು. ಎರಡನೇ ಮೊಣ್ಣಂಗೇರಿ, ಮದೆನಾಡು, ಅತ್ತ ಮಕ್ಕಂದೂರು, ಹಟ್ಟಿಹೊಳೆ, ಕಾಲೂರು, ಹೀಗೆ ಆ ಮೂರು ನಾಲ್ಕು ದಿನಗಳಲ್ಲಿ ಜಿಲ್ಲೆಯಲ್ಲಿ ನೂರಕ್ಕೂ ಹೆಚ್ಚು ಕಡೆ ಭೂಮಿ ಜಾರಿತು. ಮಡಿಕೇರಿಯಿಂದ ಸೋಮವಾರಪೇಟೆಗೆ ಹೋಗುವ ರಸ್ತೆ ತುಂಡಾಯಿತು. ಹಾರಂಗಿಯ ನೀರು ಕುಶಾಲನಗರದ ಬಡಾವಣೆಗಳಿಗೆ ನುಗ್ಗಿತು. ಶಿರಾಡಿ ಘಾಟಿ ಬಂದ್. 57 ಸುರಂಗಗಳಿರುವ ಸಕಲೇಶಪುರ–ಸುಬ್ರಹ್ಮಣ್ಯ ರೈಲು ಮಾರ್ಗದ ಹಳಿಗಳ ಮೇಲೂ ಮಣ್ಣು. ನಾನು ಮಣ್ಣಿನ ರಾಶಿ ನೋಡುತ್ತೇನೆಂದುಕೊಂಡು ಹೋಗಿದ್ದೆ. ನೋಡಿದ್ದು ಹರಿಯುವ ಕೆಸರು. ಅದರಲ್ಲಿ ಬುಡಸಮೇತ ಮರಗಳು, ಬಾಗಿಲು, ಒಂದು ಗೋದ್ರೇಜ್ ಬೀರು. ರಸ್ತೆ ಎಲ್ಲಿತ್ತು ಎಂದು ಮೈಲುಗಲ್ಲಿನಿಂದಲೂ ಗೊತ್ತಾಗುವಂತಿರಲಿಲ್ಲ, ಮೈಲುಗಲ್ಲೇ ಇರಲಿಲ್ಲ.

ಊರಿನಿಂದ ಅವ್ವನ ಫೋನು ಬಂದದ್ದು ಮಾರನೆಯ ದಿನ. "ಯಪ್ಪಾ, ಗುಡ್ಡ ಬಿದ್ದದ್ದು ಟಿವಿಯಾಗ ತೋರಸಾಕತ್ತಾರ. ನೀ ಗುಡ್ಡದ ಮ್ಯಾಲಿದ್ದಿಯೋ ಕೆಳಗಿದ್ದಿಯೋ?" ಕೆಳಗಿದ್ದೇನೆ ಅಂದೆ. "ಹಂಗಾರ ಮ್ಯಾಲ ಹೋಗು" ಅಂದಳು. ಎರಡು ಮಾತಿನಲ್ಲೇ ಫೋನು ಕಡಿಯಿತು, ಆಮೇಲೆ ಮೂರು ದಿನ ಸಿಗ್ನಲ್ ಇಲ್ಲ.

ದಾರಿ ಕಡಿದಾಗ ಊರು ಎರಡು ಪಾಲಾಯಿತು. ಕುಸಿತದ ಮೇಲ್ಭಾಗದಲ್ಲಿದ್ದವರು ಮಡಿಕೇರಿಯ ಪರಿಹಾರ ಕೇಂದ್ರಗಳಿಗೆ ಹೋದರು; ಕೆಳಭಾಗದವರು ಸಂಪಾಜೆ, ಕಲ್ಲುಗುಂಡಿ, ಅರಂತೋಡಿಗೆ ಇಳಿದರು. ಗಂಡ ಮೇಲೆ, ಹೆಂಡತಿ ಮಕ್ಕಳು ಕೆಳಗೆ ಎಂಬಂಥ ಕುಟುಂಬಗಳು ನನಗೇ ಗೊತ್ತಿದ್ದವು. ಹೆಸರು ಬರೆದುಕೊಳ್ಳುವ ಕೆಲಸ ನಮ್ಮಂಥ ಶಿಕ್ಷಕರ ಪಾಲಿಗೆ ಬಂತು. ಕಾಣೆಯಾದವರೆಂದು ಒಂದು ಕೇಂದ್ರದಲ್ಲಿ ಬರೆದ ಹೆಸರು ಇನ್ನೊಂದು ಕೇಂದ್ರದ ಹಾಜರಿ ಪಟ್ಟಿಯಲ್ಲಿ ಸಿಕ್ಕಾಗ ಆದ ಸಂತೋಷ ಹೇಳತೀರದು. ಎಲ್ಲ ಹೆಸರುಗಳೂ ಹಾಗೆ ಸಿಗಲಿಲ್ಲ. ಜಿಲ್ಲೆಯಲ್ಲಿ ಸತ್ತವರ ಸಂಖ್ಯೆ ಇಪ್ಪತ್ತರ ಹತ್ತಿರ ಬಂದಿತು.

ಮಡಿಕೇರಿಗೆ ಹೋಗಲೇಬೇಕಾದವರಿಗೆ ಉಳಿದದ್ದು ಒಂದೇ ಸುತ್ತುದಾರಿ: ಸುಳ್ಯಕ್ಕೆ ಇಳಿದು, ಆಲೆಟ್ಟಿ ಮೇಲೆ ಕೇರಳದ ಪಾಣತ್ತೂರಿಗೆ, ಅಲ್ಲಿಂದ ಕರಿಕೆ, ಭಾಗಮಂಡಲ, ಆಮೇಲೆ ಮಡಿಕೇರಿ. 27 ಕಿಲೋಮೀಟರ್ ದಾರಿ ನೂರು ಮೀರಿತು. ತಮ್ಮದೇ ಜಿಲ್ಲೆಯ ಕಚೇರಿಗೆ ಹೋಗಲು ಇನ್ನೊಂದು ರಾಜ್ಯ ಹೊಕ್ಕು ಬರಬೇಕು. ಇಷ್ಟೆಲ್ಲ ಆಗಿರುವಾಗ ಒಂದು ಕಚೇರಿಯಿಂದ ನಮಗೆ ಸೂಚನೆ ಬಂತು: ಶಾಲೆಗೆ ಆದ ಹಾನಿಯ ವರದಿಯನ್ನು ಮೂರು ಪ್ರತಿಗಳಲ್ಲಿ, ಮುದ್ದಾಂ, ಮರುದಿನವೇ ತಂದು ಕೊಡತಕ್ಕದ್ದು. ನಮ್ಮ ಮುಖ್ಯಗುರುಗಳು ಆ ಕಾಗದವನ್ನು ಬಹಳ ಹೊತ್ತು ನೋಡಿ, ಮಡಚಿ ಜೇಬಿನಲ್ಲಿಟ್ಟುಕೊಂಡು, ಅಕ್ಕಿ ಇಳಿಸಲು ಹೋದರು.

ಈ ಸುತ್ತುದಾರಿ ಜೀಪು ಇದ್ದವರಿಗೆ. ಕುಸಿತದ ಹತ್ತಿರ, ಮೇಲಿನ ತಿರುವುಗಳಲ್ಲಿ ಮನೆ ಬಿಡದೆ ಉಳಿದಿದ್ದ ಕೆಲವು ಕುಟುಂಬಗಳಿಗೆ ಆ ದಾರಿಯೂ ಇರಲಿಲ್ಲ. ಕೆಲವರು ದನಕ್ಕಾಗಿ ಉಳಿದಿದ್ದರು, ಕೆಲವರು ಮುದುಕರನ್ನು ಬಿಟ್ಟು ಬರಲಾರದೆ. ಅವರನ್ನು ತಲುಪಿಸಿದ್ದು ಒಂದು ಹಳೆಯ ಕಾಲುದಾರಿ. ಮೋಟಾರು ರಸ್ತೆ ಆಗುವ ಮುಂಚೆ ಹೇರೆತ್ತುಗಳು ಕರಾವಳಿಯ ಉಪ್ಪನ್ನು ಮೇಲೆ ಹೊತ್ತು, ಮೇಲಿನ ಅಕ್ಕಿಯನ್ನು ಕೆಳಗೆ ತರುತ್ತಿದ್ದ ಕಾಲದ ದಾರಿ ಅದು ಎಂದು ಎಂಬತ್ತು ದಾಟಿದ ಹಿರಿಯರೊಬ್ಬರು ಹೇಳಿದರು. ಎತ್ತುಗಳನ್ನು ಅವರೂ ನೋಡಿರಲಿಲ್ಲ, ತಂದೆಯಿಂದ ಕೇಳಿದ್ದರು. ಆ ದಾರಿ ತೊರೆಯ ಪಕ್ಕ ಹೋಗದೆ ಬೆನ್ನೇಣಿನ ಮೇಲೆಯೇ ಸಾಗುತ್ತಿತ್ತು. ಹಾಗಾಗಿ ಅದು ಜಾರಿರಲಿಲ್ಲ. ಲಂಟಾನ ಬೆಳೆದು ಮುಚ್ಚಿತ್ತು ಅಷ್ಟೆ. ಹತ್ತು ಹನ್ನೆರಡು ಜನ ಕತ್ತಿ ಹಿಡಿದು ಎರಡು ದಿನ ಸವರಿದರು. ಎರಡು ಕಡೆ ತೊರೆಗೆ ಅಡಿಕೆ ಮರದ ಪಾಲ ಹಾಕಿದರು, ಕಾಳುಮೆಣಸು ಕೊಯ್ಯುವ ಏಣಿಯನ್ನು ಕಟ್ಟಿ ಹಿಡಿಕೆ ಮಾಡಿದರು. ಅಕ್ಕಿ, ಸೀಮೆಎಣ್ಣೆ, ಇನ್ಸುಲಿನ್, ಮಕ್ಕಳ ಹಾಲಿನ ಪುಡಿ, ದನದ ಹಿಂಡಿ ಎಲ್ಲ ಅದೇ ದಾರಿಯಲ್ಲಿ ತಲೆಹೊರೆಯಾಗಿ ಹೋಯಿತು.

ಹೆರಿಗೆ ದಿನ ಹತ್ತಿರವಿದ್ದ ಹೆಣ್ಣುಮಗಳೊಬ್ಬಳನ್ನು ಅದೇ ದಾರಿಯಲ್ಲಿ ಕೆಳಗೆ ತಂದರು. ಪ್ಲಾಸ್ಟಿಕ್ ಕುರ್ಚಿಗೆ ಎರಡು ಬಿದಿರು ಕಟ್ಟಿ, ನಾಲ್ವರು ಹೊತ್ತು, ಮುಂದೆ ಒಬ್ಬ ಕಲ್ಲು ನೋಡಿ ಹೇಳುತ್ತ, ಹಿಂದೆ ಒಬ್ಬ ಹಗ್ಗ ಹಿಡಿದು. ರಾಹೆದ್ದಾರಿಯಲ್ಲಿ ಕಾಲು ಗಂಟೆಯ ದೂರಕ್ಕೆ ನಾಲ್ಕು ಗಂಟೆ ಹಿಡಿಯಿತು. ನಡುವೆ ಒಮ್ಮೆ ಎದುರಿನ ಇಳಿಜಾರಿನಲ್ಲಿ ಮಣ್ಣು ಜಾರಿದ ಸದ್ದು ಕೇಳಿ ಎಲ್ಲರೂ ಕುರ್ಚಿ ಇಳಿಸದೆ ಹಾಗೆಯೇ ನಿಂತುಬಿಟ್ಟರಂತೆ. ಸುಳ್ಯದ ಆಸ್ಪತ್ರೆಯಲ್ಲಿ ಆ ರಾತ್ರಿ ಗಂಡು ಮಗು. ಹೊತ್ತವರಲ್ಲಿ ಇಬ್ಬರು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳು. ಇತಿಹಾಸದಲ್ಲಿ ಮೂವತ್ತೈದು ಅಂಕ ದಾಟಲು ಹೆಣಗಿದವರೆಂದು ನನಗೆ ಚೆನ್ನಾಗಿ ನೆನಪಿತ್ತು.

ಪರಿಹಾರ ಕೇಂದ್ರಕ್ಕೆ ಎಲ್ಲೆಲ್ಲಿಂದಲೋ ಲಾರಿಗಳು ಬಂದವು. ಒಂದು ದಿನ ಬಂದ ಮೂಟೆ ಬಿಚ್ಚಿದರೆ ಜೋಳದ ಕಡಕ್ ರೊಟ್ಟಿ, ಜೊತೆಗೆ ಶೇಂಗಾ ಚಟ್ನಿ ಪುಡಿ. ನಮ್ಮ ಕಡೆಯ ರೊಟ್ಟಿ! ಅಲ್ಲಿಯ ಹೆಂಗಸರು ಅದನ್ನು ಹಪ್ಪಳವೆಂದು ತಿಳಿದು ಕರಿಯಲು ಎಣ್ಣೆ ಕೇಳಿದರು. ನಾನು ನೀರು ಚಿಮುಕಿಸಿ, ಮೆತ್ತಗೆ ಮಾಡಿ ತಿನ್ನುವುದನ್ನು ತೋರಿಸಿದೆ. ಅಕ್ಕಿರೊಟ್ಟಿ ಮತ್ತು ಕಡುಬು ತಿಂದು ಬೆಳೆದವರಿಗೆ ರುಚಿ ಹಿಡಿಸಿತೆಂದು ಹೇಳಲಾರೆ. ಆದರೆ ವಾರ ಇಟ್ಟರೂ ಕೆಡದ ಊಟ ಎಂದು ಕಾಲುದಾರಿಯಲ್ಲಿ ಮೇಲೆ ಕಳಿಸಲು ಅದನ್ನೇ ಆರಿಸಿಕೊಂಡರು.

ಮುಂದಿನ ವರ್ಷ, 2019ರ ಆಗಸ್ಟ್‌ನಲ್ಲಿ, ಫೋನು ಮಾಡುವ ಸರದಿ ನನ್ನದಾಯಿತು. ಘಟ್ಟದಲ್ಲಿ ಸುರಿದ ಮಳೆಗೆ ನವಿಲುತೀರ್ಥದ ಅಣೆಕಟ್ಟೆ ತುಂಬಿ, ಮಲಪ್ರಭೆ ದಂಡೆ ಮೀರಿದಳು. ಪಟ್ಟದಕಲ್ಲಿನ ಗುಡಿಗಳ ಸುತ್ತ ನೀರು; ಕೊಣ್ಣೂರು–ಗೋವನಕೊಪ್ಪದ ಹತ್ತಿರ ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯೇ ಕಡಿಯಿತು. ಸಂಪಾಜೆಯ ಮಕ್ಕಳು ಮನೆಮನೆಯಿಂದ ಕಂಬಳಿ, ಪಾತ್ರೆ ತಂದು ನನ್ನ ಮೇಜಿನ ಮೇಲೆ ಒಟ್ಟಿದರು. ಹೋದ ವರ್ಷ ರೊಟ್ಟಿ ತಿಂದವರ ಮಕ್ಕಳೂ ಅವರಲ್ಲಿದ್ದರು. ಭೂಪಟ ತೆಗೆದು ಅವರಿಗೆ ತೋರಿಸಿದೆ: ಮಲಪ್ರಭೆ ಹುಟ್ಟುವುದು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ, ನಿಮ್ಮದೇ ಘಟ್ಟದ ಸಾಲಿನಲ್ಲಿ, ಆಕೆ ನಮ್ಮ ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುತ್ತಾಳೆ. 2009ರಲ್ಲೂ ಹೀಗೆಯೇ ಆಗಿತ್ತು. ಅಕ್ಟೋಬರ್ ಮೊದಲ ದಿನಗಳ ಮಳೆ ನಮ್ಮ ನದಿದಂಡೆಯ ಊರುಗಳನ್ನು ಮುಳುಗಿಸಿದಾಗ, ಅಕ್ಟೋಬರ್ 2ರಂದು ಕಾರವಾರದ ಹತ್ತಿರ ಕಡವಾಡದಲ್ಲಿ ಗುಡ್ಡ ಕುಸಿದು 19 ಜನ ಸತ್ತರು. ನಮ್ಮವರು 'ಆಸರೆ' ಮನೆಗಳ ಪಟ್ಟಿಯಲ್ಲಿ ಹೆಸರು ಹುಡುಕುತ್ತಿದ್ದುದರಿಂದ ಆ ಸುದ್ದಿ ನಮ್ಮ ಕಡೆ ಹೆಚ್ಚು ಜನರಿಗೆ ತಲುಪಲೇ ಇಲ್ಲ.

ಜೋಡುಪಾಲದ ಹೆದ್ದಾರಿಯಲ್ಲಿ ಹಿಟಾಚಿಗಳು ವಾರಗಟ್ಟಲೆ ಕೆಲಸ ಮಾಡಿದವು. ಮೊದಲು ಸಣ್ಣ ವಾಹನಗಳನ್ನು ಬಿಟ್ಟರು, ಬಹಳ ದಿನಗಳ ನಂತರ ಬಸ್ಸು ಮತ್ತು ಲಾರಿಗಳನ್ನು. ಮನೆ ಕಳೆದುಕೊಂಡವರಿಗೆ ಕರ್ಣಂಗೇರಿ, ಮದೆನಾಡು, ಜಂಬೂರಿನಲ್ಲಿ ಹೊಸ ಮನೆಗಳಾಗಿ ಕೀಲಿ ಕೊಟ್ಟರು. ಮನೆ ಚೆನ್ನಾಗಿವೆ. ಆದರೆ ತೋಟ ಅಲ್ಲೇ ಉಳಿಯಿತು, ಮನುಷ್ಯ ಇಲ್ಲಿಗೆ ಬಂದ. ಕಾಫಿ, ಮೆಣಸು ಕೊಯ್ಲಿಗೆ ದಿನಾ ಬಸ್ಸು ಹತ್ತಿ ಹೋಗಬೇಕು. ನಾರಾಯಣಪುರ ಜಲಾಶಯದ ಹಿನ್ನೀರಿಗೆ ಹೊಲ ಬಿಟ್ಟುಕೊಟ್ಟ ನಮ್ಮ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ರಸ್ತೆ ಪಕ್ಕ ಈಗ ಕಾಂಕ್ರೀಟ್ ತಡೆಗೋಡೆಗಳಿವೆ. 2022ರ ಜೂನ್‌ನಲ್ಲಿ ಚೆಂಬು, ಸಂಪಾಜೆ ಭಾಗದಲ್ಲಿ ನೆಲ ಹಲವು ಸಲ ನಡುಗಿದಾಗ ಜನ ಮೊದಲು ಹೋಗಿ ನೋಡಿದ್ದು ಆ ಗೋಡೆಗಳನ್ನಲ್ಲ, ಮನೆಯ ಹಿಂದಿನ ಒರತೆಯ ನೀರನ್ನು.

ನಾನು ವರ್ಗವಾಗಿ ಬಾಗಲಕೋಟೆ ಜಿಲ್ಲೆಗೆ ಬಂದ ಮೇಲೂ ವರ್ಷಕ್ಕೊಮ್ಮೆ ಅಲ್ಲಿಗೆ ಫೋನು ಮಾಡುತ್ತೇನೆ. ಕುರ್ಚಿ ಹೊತ್ತ ಆ ಇಬ್ಬರಲ್ಲಿ ಒಬ್ಬ ಈಗ ಜೀಪು ಓಡಿಸುತ್ತಾನೆ. ಹೋದ ಮೇ ತಿಂಗಳ ಕೊನೆಗೆ ಮಾತನಾಡಿದಾಗ ಅವನಿಗೆ ಹೆಚ್ಚು ಹೊತ್ತು ನಿಲ್ಲಲು ಪುರುಸೊತ್ತಿರಲಿಲ್ಲ. ಮಳೆ ಹಿಡಿಯುವ ಮುಂಚೆ ಕಾಲುದಾರಿಯ ಲಂಟಾನ ಸವರಬೇಕು, ಮನೆಗೊಬ್ಬರಂತೆ ಹೊರಟಿದ್ದೇವೆ ಸರ್, ಎಂದು ಹೇಳಿ ಫೋನು ಇಟ್ಟ.